ಕಾಲೇಜಿನ ಹೊಸ್ತಿಲಲ್ಲಿ ಮಕ್ಕಳು: ಹೆತ್ತವರು ಮಾಡಬೇಕಾದ ಸಿದ್ಧತೆ

ನಮ್ಮ ಮನೆಗಳಲ್ಲಿ ಮಗಳ ಮದುವೆಯ ಸಿದ್ಧತೆ ಅವಳು ಹತ್ತು ವರ್ಷದವಳಾಗಿರುವಾಗಲೇ ಆರಂಭವಾಗುತ್ತದೆ. ತಾಯಿ ಚೀಟಿ ಹಾಕುತ್ತಾರೆ. ತಂದೆ ವರ್ಷಕ್ಕೊಮ್ಮೆ ಒಂದಿಷ್ಟು ಚಿನ್ನ ಕೊಂಡಿಡುತ್ತಾರೆ. ಇದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅದೇ ಮಗಳು ಅಥವಾ ಮಗ ಯಾವ ಕಾಲೇಜಿಗೆ ಸೇರಬೇಕು, ಅದಕ್ಕೆ ಏನೇನು ಬೇಕು ಎಂಬ ಯೋಚನೆ ಶುರುವಾಗುವುದು ಯಾವಾಗ? ದ್ವಿತೀಯ ಪಿಯುಸಿಯ ಫಲಿತಾಂಶ ಬಂದ ದಿನ. ಅಂದು ಸಂಜೆಯಿಂದ ಫೋನುಗಳು ಆರಂಭವಾಗುತ್ತವೆ. 'ಆ ಕಾಲೇಜಿನಲ್ಲಿ ಯಾರಾದರೂ ಪರಿಚಯದವರು ಇದ್ದಾರೆಯೇ?', 'ಸರ್ಟಿಫಿಕೇಟ್ ಬೇಗ ಮಾಡಿಸಿಕೊಡುವವರು ಇದ್ದಾರೆಯೇ?' ಎಂಬ ವಿಚಾರಣೆಗಳು ನಡೆಯುತ್ತವೆ. ಆ ಹೊತ್ತಿಗೆ ಹಲವು ಬಾಗಿಲುಗಳು ಮುಚ್ಚಿರುತ್ತವೆ.

ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ತೆನೆಯಲ್ಲೇ ಕಾದಿಡುವಂತೆ ಪ್ರವಾದಿ ಯೂಸುಫ್(ಅ)ರು ನೀಡಿದ ಸಲಹೆಯನ್ನು ನಾವು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಬರಗಾಲ ಬರುತ್ತದೆಂದು ತಿಳಿದ ಮೇಲೆ ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ ಎಂಬುದು ಆ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ಪಿಯುಸಿಯ ಮಗುವಿರುವ ಮನೆಗೆ ಸಿಗುವುದು ಏಳು ವರ್ಷಗಳಲ್ಲ, ಎರಡೇ ವರ್ಷಗಳು. ಅದರಲ್ಲಿ ಒಂದನ್ನು ನಾವು ಸಾಮಾನ್ಯವಾಗಿ ಕಳೆದುಬಿಡುತ್ತೇವೆ.

2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಬಹಳ ಸಲ ಉಲ್ಲೇಖಿಸಲಾಗಿದೆ. ದೇಶದ ಹೆಸರಾಂತ ಕಾಲೇಜುಗಳಲ್ಲಿ ಪ್ರತಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ, ಸ್ನಾತಕೋತ್ತರ ಹಂತದಲ್ಲಿ ಪ್ರತಿ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ಆ ವರದಿ ಹೇಳಿತ್ತು. ಬಡತನ, ತಾರತಮ್ಯ, ಊರಿನಲ್ಲಿ ಒಳ್ಳೆಯ ಶಾಲೆ ಇಲ್ಲದಿರುವುದು ಇವೆಲ್ಲ ಅದಕ್ಕೆ ಕಾರಣಗಳೇ. ಆದರೆ ಅವುಗಳ ಜೊತೆಗೆ ನಮ್ಮ ಕೈಯಲ್ಲೇ ಇರುವ ಒಂದು ಕಾರಣವಿದೆ. ಅದು ತಿಳಿವಳಿಕೆಯ ಕೊರತೆ. ಅಂಕಗಳಿದ್ದೂ ಒಂದು ಪ್ರಮಾಣಪತ್ರ ಇಲ್ಲದೆ ಸೀಟು ತಪ್ಪಿದ ಮಕ್ಕಳು ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ಈ ಲೇಖನ ಅಂಥ ಮನೆಗಳಿಗಾಗಿ.

ಪ್ರಥಮ ಪಿಯುಸಿ ವಿಶ್ರಾಂತಿಯ ವರ್ಷವಲ್ಲ

ಎಸ್‌ಎಸ್‌ಎಲ್‌ಸಿಯ ಒತ್ತಡ ಮುಗಿಯಿತು, ಇನ್ನು ದ್ವಿತೀಯ ವರ್ಷದಲ್ಲಿ ಗಟ್ಟಿಯಾಗಿ ಓದಿದರಾಯಿತು ಎಂಬ ಮಾತು ಮಕ್ಕಳಲ್ಲಿ ಪ್ರಚಲಿತವಾಗಿದೆ. ಪ್ರಥಮ ಪಿಯುಸಿಯ ಅಂಕಗಳು ಮುಂದೆ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಹೆಚ್ಚುಕಡಿಮೆ ನಿಜ. ಆದರೆ ಪಾಠಗಳು ಲೆಕ್ಕಕ್ಕೆ ಬರುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲೂ, ವೈದ್ಯಕೀಯಕ್ಕೆ ಬೇಕಾದ ನೀಟ್‌ನಲ್ಲೂ, ಇಂಜಿನಿಯರಿಂಗಿನ ಜೆಇಇಯಲ್ಲೂ ಎರಡೂ ವರ್ಷಗಳ ಪಾಠಗಳಿಂದ ಪ್ರಶ್ನೆಗಳು ಬರುತ್ತವೆ. ಮೊದಲ ವರ್ಷವನ್ನು ಉದಾಸೀನದಿಂದ ಕಳೆದ ವಿದ್ಯಾರ್ಥಿ ಎರಡನೆಯ ವರ್ಷದಲ್ಲಿ ಎರಡು ವರ್ಷಗಳ ಹೊರೆಯನ್ನು ಹೊತ್ತು ನಡೆಯಬೇಕಾಗುತ್ತದೆ.

ಇಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕವನ್ನು ಹೆತ್ತವರೂ ತಿಳಿದಿರಬೇಕು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿಯ ಅಂಕಗಳಿಗೆ ಅರ್ಧ ಮಹತ್ವವಿದೆ. ಒಬ್ಬ ಹುಡುಗನಿಗೆ ಪಿಯುಸಿಯಲ್ಲಿ ಈ ಮೂರು ವಿಷಯಗಳಲ್ಲಿ 300ಕ್ಕೆ 270 ಬಂದಿವೆ ಎಂದಿಟ್ಟುಕೊಳ್ಳಿ, ಶೇಕಡಾ 90. ಮನೆಯಲ್ಲಿ ಸಿಹಿ ಹಂಚಿದರು. ಆದರೆ ಸಿಇಟಿಯಲ್ಲಿ 180ಕ್ಕೆ 90 ಮಾತ್ರ ಬಂತು, ಶೇಕಡಾ 50. ಎರಡರ ಸರಾಸರಿ 70. ಪಕ್ಕದ ಬೆಂಚಿನವನಿಗೆ ಪಿಯುಸಿಯಲ್ಲಿ 240, ಅಂದರೆ ಶೇಕಡಾ 80. ಸಿಇಟಿಯಲ್ಲಿ 126, ಶೇಕಡಾ 70. ಅವನ ಸರಾಸರಿ 75. ರ‍್ಯಾಂಕಿನಲ್ಲಿ ಮುಂದೆ ಇರುವವನು ಈತ. ಎರಡರಲ್ಲಿ ಯಾವುದನ್ನು ಬಿಟ್ಟರೂ ನಡೆಯುವುದಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಈ ವೇಗ ಪರೀಕ್ಷೆಯ ಹಿಂದಿನ ತಿಂಗಳಲ್ಲಿ ಬರುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನು ಮಗುವಿಗೆ ಹೇಳಿಕೊಡಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 720 ಅಂಕಗಳು; ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ, ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಅಲ್ಲಿ ಊಹೆಯಿಂದ ಗುರುತು ಹಾಕುವವನು ಕೈಯಲ್ಲಿದ್ದುದನ್ನೂ ಕಳೆದುಕೊಳ್ಳುತ್ತಾನೆ. ಎಂಬಿಬಿಎಸ್ ಮಾತ್ರವಲ್ಲ, ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪತಿ, ಯುನಾನಿ ಎಲ್ಲದಕ್ಕೂ ಈಗ ನೀಟ್ ಬೇಕು.

ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಓದಿ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ತರಗತಿಗೆ ಸೇರಿದ ಮಕ್ಕಳ ಕಷ್ಟವನ್ನು ಪ್ರತ್ಯೇಕವಾಗಿ ಹೇಳಬೇಕು. ಮೊದಲ ಮೂರು ತಿಂಗಳು ಅವರಿಗೆ ಪಾಠವೇ ಕಿವಿಗೆ ಬೀಳುವುದಿಲ್ಲ. ತಮಗೆ ಬುದ್ಧಿ ಕಡಿಮೆ ಎಂದು ಭಾವಿಸುತ್ತಾರೆ. ಕಡಿಮೆಯಾಗಿರುವುದು ಪದಗಳು, ಬುದ್ಧಿಯಲ್ಲ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತದ ಇಂಗ್ಲಿಷ್ ಪುಸ್ತಕವನ್ನು ರಜೆಯಲ್ಲಿ ಒಮ್ಮೆ ಓದಿಸಿದರೆ, ಗೊತ್ತಿರುವ ವಿಷಯದ ಮೂಲಕವೇ ಹೊಸ ಪದಗಳು ಪರಿಚಯವಾಗುತ್ತವೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡ ಮತ್ತು ಉರ್ದುವಿನಲ್ಲೂ ದೊರೆಯುತ್ತದೆ ಎಂಬುದನ್ನು ಎಷ್ಟೋ ಹೆತ್ತವರು ಇನ್ನೂ ಅರಿತಿಲ್ಲ. ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಿಕೊಳ್ಳಬೇಕು. ನಂತರ ಕೇಳಿದರೆ ಸಿಗದು.

ಕೋಚಿಂಗ್ ಕುರಿತು ಒಂದು ಮಾತು. ನಗರದ ಪ್ರತಿಯೊಂದು ವೃತ್ತದಲ್ಲೂ ರ‍್ಯಾಂಕ್ ಪಡೆದವರ ಭಾವಚಿತ್ರಗಳ ಫಲಕಗಳಿವೆ. ಆ ಫಲಕದಲ್ಲಿ ಇಲ್ಲದವರು ಎಷ್ಟು ಮಂದಿ ಎಂದು ಯಾರೂ ಬರೆಯುವುದಿಲ್ಲ. ಹಣವಿದ್ದವರು ಕಳುಹಿಸಲಿ, ಆಕ್ಷೇಪವಿಲ್ಲ. ಆದರೆ ಒಡವೆ ಅಡವಿಟ್ಟು ಕಳುಹಿಸುವ ಮುನ್ನ ಮಗು ಕಾಲೇಜಿನ ಪಾಠವನ್ನು ಅಂದಂದೇ ಓದುತ್ತಿದೆಯೇ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದೆಯೇ ಎಂದು ನೋಡಿರಿ. ಇವೆರಡನ್ನೂ ಮಾಡದ ಮಗುವನ್ನು ಯಾವ ಕೋಚಿಂಗ್ ಕೂಡ ಎತ್ತಲಾರದು. ಕೇಂದ್ರ ಶಿಕ್ಷಣ ಸಚಿವಾಲಯವು ಕಾನ್ಪುರದ ಐಐಟಿಯ ಮೂಲಕ 2023ರಲ್ಲಿ ಆರಂಭಿಸಿದ 'ಸಾಥೀ' ಎಂಬ ಜಾಲತಾಣದಲ್ಲಿ ಜೆಇಇ ಮತ್ತು ನೀಟ್‌ನ ಪಾಠಗಳು ಉಚಿತವಾಗಿವೆ. ಮಸೀದಿಯ ಮೇಲಂತಸ್ತಿನ ಖಾಲಿ ಕೋಣೆಯಲ್ಲಿ ನಾಲ್ಕು ಮಕ್ಕಳು ಕೂಡಿ ಅದನ್ನು ನೋಡುವ ವ್ಯವಸ್ಥೆ ಮಾಡುವುದು ಜಮಾಅತ್‌ಗೆ ದೊಡ್ಡ ಖರ್ಚಿನ ಕೆಲಸವಲ್ಲ.

ಒಂದು ಅಕ್ಷರದ ವ್ಯತ್ಯಾಸ

ಓದಿನಷ್ಟೇ ಗಂಭೀರವಾದದ್ದು ಕಾಗದಪತ್ರಗಳ ವಿಷಯ. ಇದು ಮಕ್ಕಳ ಕೆಲಸವಲ್ಲ, ಹೆತ್ತವರದ್ದು.

ನಮ್ಮ ಹೆಸರುಗಳನ್ನೇ ನೋಡಿ. ಶಾಲೆಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್', ಪಡಿತರ ಚೀಟಿಯಲ್ಲಿ 'ಎಂ.ಡಿ.', ಬ್ಯಾಂಕಿನಲ್ಲಿ ಬರೇ ಇನಿಷಿಯಲ್. ತಂದೆಯ ಹೆಸರು ಒಂದು ಕಡೆ 'ಅಬ್ದುಲ್ ಖಾದರ್', ಇನ್ನೊಂದು ಕಡೆ 'ಅಬ್ದುಲ್‌ಖಾದರ್', ಮತ್ತೊಂದು ಕಡೆ 'ಕಾದರ್ ಸಾಹೇಬ್'. ಊರಿನಲ್ಲಿ ಎಲ್ಲರಿಗೂ ಇದು ಒಬ್ಬನೇ ಮನುಷ್ಯ. ಗಣಕಯಂತ್ರಕ್ಕೆ ಮೂವರು. ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಹೆಸರು ಹೊಂದದಿದ್ದರೆ ಹಣ ಬರುವುದಿಲ್ಲ, ಬರಲಿಲ್ಲ ಎಂದು ಯಾರೂ ತಿಳಿಸುವುದೂ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕವೇ ಜೀವನದುದ್ದಕ್ಕೂ ಆಧಾರವಾಗಿರುತ್ತದೆ. ಆದ್ದರಿಂದ ಉಳಿದೆಲ್ಲವನ್ನೂ ಅದಕ್ಕೆ ಸರಿಯಾಗಿ ತಿದ್ದಿಸಿಕೊಳ್ಳಿ. ಒಂಬತ್ತನೆಯ ತರಗತಿಯಲ್ಲಿ ಮಗು ಇರುವವರು ಇನ್ನೂ ಅದೃಷ್ಟವಂತರು. ಅಂಕಪಟ್ಟಿ ಮುದ್ರಣವಾಗುವ ಮೊದಲೇ ಶಾಲೆಯ ದಾಖಲೆಯನ್ನು ನೋಡಿ ಸರಿಪಡಿಸಬಹುದು.

ಮೀಸಲಾತಿಯ ವಿಷಯದಲ್ಲಿ ನಮ್ಮವರಲ್ಲಿ ಗೊಂದಲ ಬಹಳ. ಕರ್ನಾಟಕದಲ್ಲಿ ಮುಸ್ಲಿಮರಿಗೆ ಪ್ರವರ್ಗ 2ಬಿ ಅಡಿಯಲ್ಲಿ ಶೇಕಡಾ 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಇದನ್ನು ರದ್ದುಪಡಿಸುವ ಆದೇಶ ಹೊರಡಿಸಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಆ ಆದೇಶ ಜಾರಿಗೆ ಬರಲಿಲ್ಲ, 2ಬಿ ಅಡಿಯಲ್ಲಿ ಪ್ರವೇಶಗಳು ಮುಂದುವರಿದವು. 'ಹೇಗೂ ತೆಗೆದುಹಾಕಿದ್ದಾರಲ್ಲ' ಎಂದು ಆಗ ಪ್ರಮಾಣಪತ್ರ ಮಾಡಿಸದೆ ಉಳಿದವರು ನಷ್ಟ ಅನುಭವಿಸಿದರು. ನದಾಫ್, ಪಿಂಜಾರ ಮುಂತಾದ ಕೆಲವು ಪಂಗಡಗಳು ಪ್ರವರ್ಗ 1ರಲ್ಲಿ ಬರುತ್ತವೆ. ಅವರು 2ಬಿ ಪ್ರಮಾಣಪತ್ರ ಮಾಡಿಸಿಕೊಂಡರೆ ತಮ್ಮ ಹಕ್ಕನ್ನು ತಾವೇ ಬಿಟ್ಟಂತಾಗುತ್ತದೆ. ಈ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ದೊರೆಯುತ್ತವೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ನಮೂದಿಸಬೇಕು. ಪ್ರಮಾಣಪತ್ರ ಇರಬೇಕಾದುದು ಮಗುವಿನ ಹೆಸರಿನಲ್ಲಿ. ತಂದೆಯ ಹೆಸರಿನಲ್ಲಿರುವ ಹಳೆಯ ಪತ್ರವನ್ನು ಲ್ಯಾಮಿನೇಶನ್ ಮಾಡಿ ಜೋಪಾನವಾಗಿಟ್ಟುಕೊಂಡರೆ ಪ್ರಯೋಜನವಿಲ್ಲ.

ಇದಕ್ಕಿಂತಲೂ ಕಡಿಮೆ ಮಂದಿಗೆ ತಿಳಿದಿರುವ ವಿಷಯ ಇನ್ನೊಂದಿದೆ. 2ಬಿ ಎಂಬುದು ರಾಜ್ಯದ ಪಟ್ಟಿ. ನೀಟ್‌ನ ಅಖಿಲ ಭಾರತ ಕೋಟಾ, ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿ, ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವುಗಳಿಗೆ ಕೇಂದ್ರದ ಒಬಿಸಿ ಪಟ್ಟಿ ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಕರ್ನಾಟಕದ ಮುಸ್ಲಿಮರ ಹಲವು ಪಂಗಡಗಳಿದ್ದರೂ ಶೇಖ್, ಸಯ್ಯಿದ್, ಪಠಾಣ್, ಮೊಘಲ್, ನವಾಯತ್, ಕಛ್ಛಿ ಮೆಮನ್ ಮುಂತಾದವರನ್ನು ಹೊರಗಿಡಲಾಗಿದೆ. ಪಟ್ಟಿಯಲ್ಲಿರುವವರು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನೇ ಬೇರೆಯಾಗಿ ಮಾಡಿಸಬೇಕು. ಹೊರಗುಳಿದವರು, ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ, 2019ರಲ್ಲಿ ಜಾರಿಗೆ ಬಂದ ಆರ್ಥಿಕವಾಗಿ ಹಿಂದುಳಿದವರ ಶೇಕಡಾ 10ರ ಮೀಸಲಾತಿಗೆ ಅರ್ಜಿ ಹಾಕಬಹುದು. ನಿಮ್ಮ ಕುಟುಂಬ ಯಾವುದರಲ್ಲಿ ಬರುತ್ತದೆ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿ ಪ್ರಥಮ ಪಿಯುಸಿಯ ವರ್ಷದಲ್ಲೇ ಖಚಿತಪಡಿಸಿಕೊಳ್ಳಿರಿ. ಅರ್ಜಿಯ ಕೊನೆಯ ವಾರದಲ್ಲಿ ಆ ಕಚೇರಿಯ ಮುಂದಿನ ಸಾಲನ್ನು ನೋಡಿದವರಿಗೆ ಇದನ್ನು ಒತ್ತಿ ಹೇಳುವ ಅಗತ್ಯವಿಲ್ಲ.

ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳ ಅವಕಾಶವೂ ಇದೆ. ಇದಕ್ಕೆ ಓದಿದ ಎಲ್ಲ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ತಂದೆಯ ಕೆಲಸಕ್ಕಾಗಿ ನಾಲ್ಕು ಊರು ತಿರುಗಿದ ಮನೆಯ ಮಗು ನಾಲ್ಕು ಶಾಲೆಗಳಿಂದಲೂ ತರಬೇಕಾಗುತ್ತದೆ. ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಕೆಲವು ವರ್ಷ ಓದಿ ಬಂದ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ರಾಜ್ಯದ ಸರಕಾರಿ ಕೋಟಾದ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬ ನಿಯಮವಿದೆ. ಈ ಲೆಕ್ಕವನ್ನು ಇಂದೇ ಕುಳಿತು ಮಾಡಿ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ನಗರದಲ್ಲಿ ಓದಿದ ಮಗುವಿಗೆ ಗ್ರಾಮೀಣ ಪ್ರಮಾಣಪತ್ರ, ನಾಲ್ಕು ಅಂಗಡಿಗಳ ಮಾಲೀಕರಿಗೆ ಕೂಲಿಕಾರನ ಆದಾಯ ಪತ್ರ. ಇದನ್ನು ಮಾಡಿಸಿಕೊಡುವವರೂ ಇದ್ದಾರೆ, ಮಾಡಿಸಿಕೊಳ್ಳುವವರೂ ಇದ್ದಾರೆ. 'ಎಲ್ಲರೂ ಮಾಡುತ್ತಾರೆ' ಎಂಬುದು ಅವರ ಸಮರ್ಥನೆ. ಆ ಸೀಟು ಯಾರದು? ಹಳ್ಳಿಯ ಶಾಲೆಯಲ್ಲಿ ಓದಿದ, ನಿಮಗೆ ಮುಖಪರಿಚಯವಿಲ್ಲದ ಒಂದು ಮಗುವಿನದು. ನಮಾಝ್, ಉಪವಾಸಗಳ ಬಗ್ಗೆ ಮಗನಿಗೆ ಉಪದೇಶಿಸುವ ತಂದೆ, ಅದೇ ಮಗನ ಕಣ್ಣೆದುರಿಗೇ ಸುಳ್ಳು ಪತ್ರಕ್ಕೆ ರುಜು ಹಾಕಿದರೆ ಮಗು ಎರಡರಲ್ಲಿ ಯಾವ ಪಾಠವನ್ನು ಕಲಿಯುತ್ತದೆ?

ಆಯ್ಕೆ ಯಾರದು?

'ಅಬ್ಬಾ, ನನಗೆ ಬಯಾಲಜಿ ತಲೆಗೆ ಹತ್ತುವುದಿಲ್ಲ' ಎಂದು ಮಗ ಹೇಳಿದಾಗ 'ನಿನ್ನ ಚಿಕ್ಕಪ್ಪನ ಮಗ ಡಾಕ್ಟರಾಗಿಲ್ಲವೇ?' ಎಂಬ ಉತ್ತರ ಸಿಗುವ ಮನೆಗಳು ಕಡಿಮೆಯಿಲ್ಲ. ಚಿಕ್ಕಪ್ಪನ ಮಗನ ವಿಷಯ ಬೇರೆ. ಮಶ್ವರಾ ಅಂದರೆ ನಿರ್ಧಾರ ಮಾಡಿ ಆದ ಮೇಲೆ ಮಗುವನ್ನು ಕರೆದು ತಿಳಿಸುವುದಲ್ಲ. ಯಾರ ಬದುಕಿನ ಕುರಿತು ಮಾತೋ ಅವರ ಮಾತನ್ನು ಮೊದಲು ಕೇಳುವುದು. ಮಗು ಯಾವ ವಿಷಯವನ್ನು ಯಾರೂ ಹೇಳದೆ ತಾನಾಗಿ ಓದುತ್ತದೆ, ಯಾವುದಕ್ಕೆ ಪುಸ್ತಕ ತೆರೆಯುವಾಗಲೇ ಮುಖ ಬಾಡುತ್ತದೆ ಎಂಬುದನ್ನು ತಾಯಂದಿರು ಬಲ್ಲರು. ಆದರೆ ನಮ್ಮಲ್ಲಿ ತಾಯಂದಿರನ್ನು ಕೇಳುವ ವಾಡಿಕೆ ಕಡಿಮೆ.

ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಬಾಗಿಲುಗಳಲ್ಲ. ಕೃಷಿ ಪದವಿ, ಫಾರ್ಮಸಿ, ನರ್ಸಿಂಗ್, ವಾಸ್ತುಶಿಲ್ಪ ಇವೆ. ವಾಣಿಜ್ಯದ ಮಕ್ಕಳು ಸಿಎ ಫೌಂಡೇಶನ್ ಪರೀಕ್ಷೆಯನ್ನು ಪಿಯುಸಿ ಮುಗಿದ ಕೂಡಲೇ ಬರೆಯಬಹುದು; ವ್ಯಾಪಾರವನ್ನೇ ಉಸಿರಾಡುವ ನಮ್ಮ ಕುಟುಂಬಗಳಿಂದ ಲೆಕ್ಕಪರಿಶೋಧಕರು ಇಷ್ಟು ಕಡಿಮೆ ಬರುವುದು ಆಶ್ಚರ್ಯ. ಕಾನೂನು ಓದಲು ಪಿಯುಸಿಯ ನಂತರ ಐದು ವರ್ಷದ ಕೋರ್ಸ್ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸಂಕಟ ಬಂದಾಗಲೆಲ್ಲ ವಕೀಲರನ್ನು ಹುಡುಕಿಕೊಂಡು ಓಡುವ ಸಮುದಾಯ ತನ್ನ ಬುದ್ಧಿವಂತ ಮಕ್ಕಳಲ್ಲಿ ಒಬ್ಬರನ್ನೂ ಆ ಕಡೆ ಕಳುಹಿಸಲು ಒಪ್ಪುವುದಿಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗಳು ರಾಜ್ಯದಲ್ಲಿ 2021ರಿಂದ ನಾಲ್ಕು ವರ್ಷದ ಕ್ರಮಕ್ಕೆ ಹೋಗಿದ್ದವು. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿಸಲಾಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ಕಲಾ ವಿಭಾಗದ ಮಕ್ಕಳಿಗೂ ಇದು ತೆರೆದಿರುವುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಹಿಫ್ಝ್ ಮುಗಿಸಿದ ಮಕ್ಕಳು ತಡವಾಗಿ ಶಾಲೆಗೆ ಬಂದರೆ ಏನೂ ಆಗದು ಎಂಬ ಭಾವನೆಯನ್ನು ಬೀದರಿನ ಶಾಹೀನ್ ಸಂಸ್ಥೆ ಸುಳ್ಳು ಮಾಡಿ ತೋರಿಸಿದೆ. 1989ರಲ್ಲಿ ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ಅದು, ಹಾಫಿಝ್‌ಗಳಿಗೆ ಗಣಿತ, ಭಾಷೆಗಳ ಸೇತುಪಾಠ ಕೊಟ್ಟು ಮುಖ್ಯವಾಹಿನಿಗೆ ತಂದು ವೈದ್ಯಕೀಯದವರೆಗೂ ಕಳುಹಿಸಿದೆ. ಭಟ್ಕಳದ ಅಂಜುಮನ್ 1919ರಲ್ಲಿ, ಡಾ. ಮುಮ್ತಾಝ್ ಅಹ್ಮದ್ ಖಾನ್‌ರ ನೇತೃತ್ವದಲ್ಲಿ ಬೆಂಗಳೂರಿನ ಅಲ್ ಅಮೀನ್ 1966ರಲ್ಲಿ ಆರಂಭವಾದವು. ಆ ಹಿರಿಯರು ಕಟ್ಟಡ ಕಟ್ಟುವಾಗ ಎದುರಿಸಿದ ಕಷ್ಟಗಳಿಗೆ ಹೋಲಿಸಿದರೆ ನಮ್ಮ ಕೆಲಸ ಅರ್ಜಿ ತುಂಬುವಷ್ಟು ಮಾತ್ರ.

ಇಸ್ತಿಖಾರದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಏನನ್ನೂ ವಿಚಾರಿಸದೆ, ಕನಸಿನಲ್ಲಿ ಕಾಲೇಜಿನ ಹೆಸರು ಕಾಣುತ್ತದೆಂದು ಕಾಯುವುದು ಇಸ್ತಿಖಾರವಲ್ಲ. ಕಾಲೇಜನ್ನು ನೋಡಿ, ಶುಲ್ಕ ಕೇಳಿ, ಅಲ್ಲಿ ಓದಿದವರೊಡನೆ ಮಾತಾಡಿ, ಬಲ್ಲವರ ಸಲಹೆ ಪಡೆದು, ಆ ಮೇಲೆ ಒಳಿತನ್ನು ಅಲ್ಲಾಹನಲ್ಲಿ ಬೇಡಿಕೊಂಡು ಹೆಜ್ಜೆ ಇಡುವುದು. ಆ ಪ್ರಾರ್ಥನೆಯನ್ನು ಮಗುವೂ ಮಾಡಬೇಕು, ತಂದೆ ಮಾತ್ರವಲ್ಲ.

ಹೆಣ್ಣುಮಕ್ಕಳು

ಪಿಯುಸಿ ಫಲಿತಾಂಶದ ಮರುದಿನದ ಪತ್ರಿಕೆಯಲ್ಲಿ ಹುಡುಗಿಯರದ್ದೇ ಮೇಲುಗೈ ಎಂಬ ಶೀರ್ಷಿಕೆ ವರ್ಷ ವರ್ಷವೂ ಬರುತ್ತದೆ. ನಮ್ಮ ಮನೆಗಳಲ್ಲೂ ಹೆಚ್ಚು ಅಂಕ ತೆಗೆಯುವವರು ಅವರೇ. ಆದರೆ ಮುಂದಿನ ಓದಿನ ಚರ್ಚೆ ಬಂದಾಗ ಕಡಿಮೆ ಅಂಕದ ಅಣ್ಣನಿಗೆ ಮ್ಯಾನೇಜ್‌ಮೆಂಟ್ ಸೀಟು, ಹೆಚ್ಚು ಅಂಕದ ತಂಗಿಗೆ 'ಹತ್ತಿರದಲ್ಲಿ ಕಾಲೇಜು ಇಲ್ಲವಲ್ಲ' ಎಂಬ ಮಾತು. ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದ ಪ್ರವಾದಿ(ಸ)ರು ಗಂಡಿಗೊಂದು, ಹೆಣ್ಣಿಗೊಂದು ಎಂದು ನಿಯಮ ಮಾಡಲಿಲ್ಲ.

ಹೆತ್ತವರ ಆತಂಕವನ್ನು ಅಪಹಾಸ್ಯ ಮಾಡುವುದು ಸರಿಯಲ್ಲ. 2022ರಲ್ಲಿ ಶಿರವಸ್ತ್ರದ ವಿವಾದ ಎದ್ದಾಗ ಕರಾವಳಿಯ ಹಲವು ಹುಡುಗಿಯರು ಕಾಲೇಜು ಬಿಡಬೇಕಾಗಿ ಬಂದುದನ್ನು ನಾವು ಕಂಡಿದ್ದೇವೆ. ಆದರೆ ಆತಂಕಕ್ಕೆ ಉತ್ತರವನ್ನು ಹುಡುಕಬೇಕು, ಓದನ್ನು ನಿಲ್ಲಿಸುವುದು ಉತ್ತರವಲ್ಲ. ಪ್ರಥಮ ಪಿಯುಸಿಯ ರಜೆಯಲ್ಲಿ ಮಗಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಎರಡು ಮೂರು ಕಾಲೇಜುಗಳನ್ನು ಸ್ವತಃ ನೋಡಿ ಬನ್ನಿ. ವಸ್ತ್ರಸಂಹಿತೆ ಏನು, ಹಾಸ್ಟೆಲ್ ಇದೆಯೇ, ನಮಾಝ್‌ಗೆ ಒಂದು ಮೂಲೆ ಸಿಗುತ್ತದೆಯೇ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳು ಹಲವು ಊರುಗಳಲ್ಲಿವೆ. ಬಸ್ಸಿನ ಖರ್ಚಿನ ನೆಪಕ್ಕಂತೂ ಈಗ ಬಲವಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ನೀಟ್ ಬರೆಯುವ ಹುಡುಗಿಯರು ಧಾರ್ಮಿಕ ಉಡುಪಿನಲ್ಲಿ ಬರುವುದಾದರೆ ತಪಾಸಣೆಗಾಗಿ ಬಹಳ ಮುಂಚಿತವಾಗಿ ಕೇಂದ್ರ ತಲುಪಬೇಕೆಂದು ಸೂಚನಾ ಪುಸ್ತಿಕೆಯಲ್ಲೇ ಇರುತ್ತದೆ. ಇದನ್ನು ಮೊದಲೇ ಓದಿದ್ದರೆ ಗೇಟಿನ ಬಳಿಯ ಕಣ್ಣೀರು ತಪ್ಪುತ್ತದೆ.

ಹಣ

ಸಿಇಟಿಯ ಸರಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಲಕ್ಷಗಟ್ಟಲೆ ಅಂತರವಿದೆ. ಆ ಅಂತರವನ್ನು ತುಂಬಲು ಬಡ್ಡಿಯ ಸಾಲಕ್ಕೆ ಕೈಚಾಚುವ ಮೊದಲು ಕೆಲವು ದಾರಿಗಳನ್ನು ನೋಡಬೇಕು. ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಒಮ್ಮೆ ಹಾಕಿದರೆ ಸಾಲದು. ಸಿಇಟಿ ಅಥವಾ ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆ ಇದೆ. ಅದರಲ್ಲಿ ಬಡ್ಡಿಯ ಬದಲು ಶೇಕಡಾ 2ರ ಸೇವಾ ಶುಲ್ಕ. ಆ ಶುಲ್ಕದ ಬಗ್ಗೆ ಮನಸ್ಸಿನಲ್ಲಿ ಸಂದೇಹವಿರುವವರು ಉಲಮಾಗಳಲ್ಲಿ ಕೇಳಿ ಸಮಾಧಾನ ಮಾಡಿಕೊಳ್ಳಲಿ. ಆದರೆ ಶುಲ್ಕ ಕಟ್ಟುವ ಕೊನೆಯ ದಿನ ಕೇಳಿದರೆ ಉಲಮಾಗಳೂ ಏನು ಮಾಡಿಯಾರು? ಈಗಲೇ ಕೇಳಿ.

ಝಕಾತ್‌ನ ವಿಷಯದಲ್ಲಿ ಜಮಾಅತ್‌ಗಳು ಯೋಚಿಸಬೇಕಾದುದಿದೆ. ರಮಝಾನ್‌ನಲ್ಲಿ ಐನೂರು, ಸಾವಿರವೆಂದು ನೂರು ಮನೆಗಳಿಗೆ ಹಂಚುವ ಹಣದಲ್ಲಿ ಒಂದು ಭಾಗವನ್ನು ಒಟ್ಟುಗೂಡಿಸಿದರೆ, ಅರ್ಹ ಬಡ ವಿದ್ಯಾರ್ಥಿಯೊಬ್ಬನ ಮೊದಲ ವರ್ಷದ ಶುಲ್ಕವಾಗುತ್ತದೆ. ನಾಲ್ಕು ವರ್ಷಗಳ ಬಳಿಕ ಆ ಮನೆ ಝಕಾತ್ ಪಡೆಯುವ ಪಟ್ಟಿಯಿಂದ ಕೊಡುವ ಪಟ್ಟಿಗೆ ಬಂದೀತು. ಇನ್ನು ಸ್ವಂತ ಉಳಿತಾಯದ ಬಗ್ಗೆ ಹೇಳುವುದಾದರೆ, ಮದುವೆಯ ಹಿಂದಿನ ದಿನದ ಊಟಕ್ಕೆ ಆಗುವ ಖರ್ಚನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಹೆಚ್ಚು ಹೇಳಿದರೆ ಮನಸ್ತಾಪವಾಗುತ್ತದೆ.

ಆಪ್ಷನ್ ಎಂಟ್ರಿ ಎಂಬ ಗಂಡಾಂತರ

ರ‍್ಯಾಂಕ್ ಬಂದ ಮೇಲೆ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿ. ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ನಿಮ್ಮ ರ‍್ಯಾಂಕಿಗೆ ದೊರೆಯುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಐದನೆಯದು ಸಿಕ್ಕಿದರೆ ಆರನೆಯದನ್ನು ಮತ್ತೆ ಕೇಳುವಂತಿಲ್ಲ. ಆದ್ದರಿಂದ 'ಇದು ಸಿಗಲಾರದು' ಎಂಬ ಭಯದಿಂದ ಇಷ್ಟವಾದ ಕಾಲೇಜನ್ನು ಕೆಳಗೆ ಹಾಕುವುದು ದೊಡ್ಡ ತಪ್ಪು. ನಿಜವಾಗಿ ಯಾವುದು ಬೇಕೋ ಅದನ್ನೇ ಮೇಲೆ ಹಾಕಬೇಕು. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲೇ ಹಾಕಬಾರದು. ಮೊದಲಿಗೆ ಅಣಕು ಹಂಚಿಕೆ ಬರುತ್ತದೆ. ಅದು ಸೀಟು ಅಲ್ಲ, ಕನ್ನಡಿ ಮಾತ್ರ. ಅದನ್ನು ನೋಡಿ ಕ್ರಮವನ್ನು ತಿದ್ದಬಹುದು. ನಿಜವಾದ ಹಂಚಿಕೆಯ ನಂತರ ನಾಲ್ಕು ದಾರಿಗಳಿವೆ. ತೃಪ್ತಿಯಾಗಿದ್ದರೆ ಶುಲ್ಕ ಕಟ್ಟಿ ಸೇರುವುದು. ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಪ್ರಯತ್ನಿಸುವುದು. ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಪ್ರಕ್ರಿಯೆಯಿಂದಲೇ ಹೊರಬರುವುದು. ಮೂರನೆಯದನ್ನು ಆಯ್ದುಕೊಳ್ಳುವಾಗ ಕೈಯಲ್ಲಿರುವ ಸೀಟು ಮತ್ತೆ ಬಾರದೆಂಬುದನ್ನು ನೆನಪಿಡಿ.

ಲಾಗಿನ್ ಮತ್ತು ಪಾಸ್‌ವರ್ಡನ್ನು ಸೈಬರ್ ಅಂಗಡಿಯವನಿಗೆ ಒಪ್ಪಿಸಿ ಬರುವ ಅಭ್ಯಾಸ ನಮ್ಮಲ್ಲಿದೆ. 2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಹಗರಣ ಬಯಲಿಗೆ ಬಂದು ಬಂಧನಗಳಾದವು. ಸೇರುವ ಉದ್ದೇಶವಿಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಹಿಡಿದಿಟ್ಟು ಕೊನೆಗೆ ಖಾಲಿ ಬಿಡುವುದು, ಹಾಗೆ ಉಳಿದ ಸೀಟನ್ನು ಹಣಕ್ಕೆ ಮಾರುವುದು, ಇದು ಅದರ ಕಾರ್ಯವಿಧಾನ. ಹಣಕ್ಕಾಗಿ ತಮ್ಮ ಲಾಗಿನ್ ಕೊಟ್ಟ ವಿದ್ಯಾರ್ಥಿಗಳೂ ಅದರಲ್ಲಿದ್ದರೆಂಬ ಆರೋಪವಿತ್ತು. ಬೇರೆಯವರ ಹಕ್ಕನ್ನು ಮಾರಿದ ಹಣ ಹಲಾಲ್ ಆಗುವುದಿಲ್ಲ ಎಂಬುದನ್ನು ಹದಿನೇಳರ ಮಗುವಿಗೆ ಸ್ಪಷ್ಟವಾಗಿ ಹೇಳಿ. ಅರ್ಜಿಯನ್ನು ಮಗುವಿನ ಪಕ್ಕದಲ್ಲಿ ಕುಳಿತು ನೀವೇ ತುಂಬಿಸಿರಿ.

ಪರೀಕ್ಷೆಯ ತಿಂಗಳ ಬಗ್ಗೆಯೂ ಯೋಜನೆ ಬೇಕು. 2024ರಲ್ಲಿ ದ್ವಿತೀಯ ಪಿಯುಸಿಯ ಮುಖ್ಯ ಪರೀಕ್ಷೆಯ ಒಂದು ಭಾಗ, 2025ರಲ್ಲಿ ಬಹುತೇಕ ಇಡೀ ಪರೀಕ್ಷೆ ರಮಝಾನ್‌ನಲ್ಲಿ ಬಂತು. ಉಪವಾಸದಿಂದ ಓದು ಕೆಡುವುದಿಲ್ಲ, ಕೆಡುವುದು ನಿದ್ರೆಗೇಡಿನಿಂದ. ತರಾವೀಹ್ ಮುಗಿಸಿ ಮಧ್ಯರಾತ್ರಿವರೆಗೆ ಗೆಳೆಯರೊಂದಿಗೆ ಬೀದಿಯಲ್ಲಿದ್ದು, ಸಹರಿಯ ನಂತರ ಹಗಲು ಹತ್ತರವರೆಗೆ ಮಲಗುವ ಕ್ರಮವನ್ನು ಆ ಒಂದು ವರ್ಷವಾದರೂ ಇಡೀ ಮನೆ ಬದಲಿಸಬೇಕು. ಫಜ್ರ್‌ನ ಬಳಿಕದ ಎರಡು ಗಂಟೆಗಳು ಓದಿಗೆ ಅತ್ಯುತ್ತಮ ಹೊತ್ತು. ಇಫ್ತಾರ್ ಕೂಟಗಳಿಗೆ ಆ ಮಗುವನ್ನು ಒತ್ತಾಯಿಸಬೇಡಿ. ಮನೆಯಲ್ಲಿ ದೂರದರ್ಶನ, ಮೊಬೈಲುಗಳ ಸದ್ದು ಕಡಿಮೆಯಾಗಲಿ. 'ನೀನು ಓದು' ಎಂದು ಹೇಳಿ ತಂದೆ ಪಕ್ಕದ ಕೋಣೆಯಲ್ಲಿ ಮೊಬೈಲ್ ನೋಡುತ್ತಾ ನಕ್ಕರೆ ಗೋಡೆಗೂ ಅದು ಕೇಳಿಸುತ್ತದೆ.

ಅಂಕ ಕಡಿಮೆ ಬಂದರೆ? ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಹೋದದ್ದನ್ನು ಮುಂದಿನದರಲ್ಲಿ ಸರಿಪಡಿಸಿಕೊಳ್ಳಬಹುದು, ಅಂಕ ಸಾಲದೆನಿಸಿದವರೂ ಮತ್ತೆ ಬರೆಯಬಹುದು. ವಿಜ್ಞಾನದಲ್ಲಿ ಪಾಸಾಗಿ ಸೀಟು ಸಿಗದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಆ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗಿನ ಎರಡನೆಯ ವರ್ಷ ತೆರೆದಿರುತ್ತದೆ. ದಾರಿ ಸ್ವಲ್ಪ ಉದ್ದ, ಅಷ್ಟೆ. ಇದನ್ನು ಫಲಿತಾಂಶದ ಮುನ್ನವೇ ಮಗುವಿಗೆ ಹೇಳಿಡಿ. ಫಲಿತಾಂಶದ ದಿನ ಬಾಗಿಲು ಹಾಕಿಕೊಂಡು ಕುಳಿತ ಮಗುವಿಗೆ ಅಂಕಪಟ್ಟಿಯ ಮಾತು ಬೇಡ. ತಾಯಿ ಊಟದ ತಟ್ಟೆ ಹಿಡಿದು ಹೋಗಲಿ, ತಂದೆ ಜೊತೆಗಿರಲಿ. ನೆಂಟರ ಫೋನುಗಳಿಗೆ ಎರಡು ದಿನ ಬಿಟ್ಟು ಉತ್ತರ ಕೊಟ್ಟರೂ ನಡೆಯುತ್ತದೆ.